ವಲ್ಲಿಯ ಕೆಳಗೆ ಕೊಂಡ ಮೋಟಾರು

ಕಲಬುರ್ಗಿ, ಶಹಾಬಜಾರ
ಪ್ರಜೋತ್ಪತ್ತಿ ಸಂವತ್ಸರ, ಮಾರ್ಗಶಿರ ಶುದ್ಧ ಚೌತಿ, ರವಿವಾರ
ಸರ್ಕಾರಿ ಲೆಕ್ಕಕ್ಕೆ ಫಸಲಿ ೧೩೪೧

ಕಮಲಾಪುರದ ಎತ್ತಿನ ದಲಾಲಿ ಮನೆಯ ಯಜಮಾನರಿಗೆ, ಮೂರು ತಿಂಗಳಿಂದ ಅಣ್ಣನ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುವ ನಿಮ್ಮ ಮನೆಯವಳ ಶರಣು.

ನಿನ್ನೆ ಮುನ್ಸೀಫರ ಕಚೇರಿಯಲ್ಲಿ ನಮ್ಮ ಮೋಟಾರಿನ ಫಿರ್ಯಾದಿನ ತೀರ್ಪಾಯಿತು. ಏನಾಯಿತೆಂದು ಕೊನೆಯ ಹಾಳೆ ತಿರುವಿ ನೋಡಬೇಡಿ. ಫಿರ್ಯಾದು ನಿಮ್ಮ ಹೆಸರಿನದು, ಸಹಿ ನಿಮ್ಮದು, ಮೋಟಾರು ನಿಮ್ಮದು. ಕಚೇರಿಯ ಕಟ್ಟೆ ಏರಿ ನಿಂತವಳು ಮಾತ್ರ ನಾನು. ಅದಕ್ಕೆ ಶಿಕ್ಷೆಯೆಂದು ತಿಳಿದು ಸಾಲು ಬಿಡದೆ ಓದಿ. ಅತ್ತೆಯವರಿಗೂ ಓದಿ ಹೇಳಿ. ಅವರಿಗೆ ಕಿವಿ ಮಂದ, ಸ್ವಲ್ಪ ಜೋರಾಗಿಯೇ ಓದಿ. ಪಕ್ಕದ ಮನೆಯವರಿಗೆ ಕೇಳಿಸಿದರೂ ನನಗೇನೂ ಬೇಸರವಿಲ್ಲ.

ನಿಜ ಹೇಳುತ್ತೇನೆ, ಕಚೇರಿಗೆ ಹೋಗುವಾಗ ಸೋಲಿನ ಯೋಚನೆಯೇ ತಲೆಯಲ್ಲಿತ್ತು. ಸೋತರೆ ಆ ಮೋಟಾರು ನಿಮ್ಮ ಅಂಗಳದಲ್ಲೇ ಉಳಿಯುತ್ತದೆ. ಅದು ಅಲ್ಲಿರುವ ತನಕ ಹೊಸ್ತಿಲು ತುಳಿಯುವುದಿಲ್ಲ ಎಂದು ಓಣಿಯವರೆಲ್ಲರ ಎದುರು ಆಡಿ ಬಂದವಳು ನಾನು. ಅದನ್ನು ಸಾಗಹಾಕುವ ತನಕ ಹೆಂಡತಿಯನ್ನು ಕರೆಯಲು ನನಗೆ ಮುಖವಿಲ್ಲ ಎಂದು ಅಣ್ಣನ ಕೈಯಲ್ಲಿ ಹೇಳಿ ಕಳಿಸಿದವರು ನೀವು. ಇಬ್ಬರ ಹಟದ ನಡುವೆ ಆ ಕಬ್ಬಿಣದ ರಾಶಿ ಕಾಲು ಚಾಚಿಕೊಂಡು ಮಲಗಿತ್ತು. ಕೇಸು ಹೋದರೆ ನನ್ನ ಸಂಸಾರ ಈ ಶಹಾಬಜಾರದ ಓಣಿಯಲ್ಲಿ, ಅತ್ತಿಗೆಯ ಒಲೆಯ ಮುಂದೆಯೇ ಮುಗಿಯುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅತ್ತಿಗೆ ಒಳ್ಳೆಯವಳೇ. ಆದರೆ ಮೂರು ತಿಂಗಳು ಇನ್ನೊಬ್ಬರ ಒಲೆಯ ಮೇಲೆ ರೊಟ್ಟಿ ಬಡಿದವಳಿಗೆ ಗೊತ್ತು, ಆ ಹಂಚು ತನ್ನದಲ್ಲ ಎಂದು.

ಮೊದಲು ಗುಮಾಸ್ತ ನನ್ನ ಹೆಸರು ಕೇಳಿದ. ಶಂಕ್ರಮ್ಮ ಎಂದೆ. ಆಮೇಲೆ ಗಂಡನ ಹೆಸರು ಕೇಳಿದ. ನಾನು ಅಣ್ಣನ ಕಡೆ ನೋಡಿದೆ. ಮತ್ತೆ ಕೇಳಿದ. ಅಣ್ಣ ಹೇಳಲು ಬಾಯಿ ತೆರೆದರೆ, ಸಾಕ್ಷಿಯೇ ಹೇಳಬೇಕೆಂದು ಗದರಿಸಿದ. ಮುನ್ಸೀಫ್ ಜಹೀರುದ್ದೀನ್ ಸಾಹೇಬರಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ. ಅವರು ಕನ್ನಡಕದ ಮೇಲಿಂದ ನೋಡುತ್ತ, ನಾಚಿಕೆಯಾದರೆ ಮೆಲ್ಲಗೆ ಹೇಳಲಿ ಎಂದು ಉರ್ದುವಿನಲ್ಲಿ ಹೇಳಿದರು. ನಾನು ಸೆರಗು ಬಿಗಿಮಾಡಿಕೊಂಡು, ಮೆಲ್ಲಗೇನೂ ಅಲ್ಲ, ಇಡೀ ಕಚೇರಿಗೆ ಕೇಳುವಂತೆ ಹೇಳಿದೆ: ಜಗದೇವಪ್ಪ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನಿಮ್ಮ ಹೆಸರು ನನ್ನ ಬಾಯಿಂದ ಬಂತು. ಚೆನ್ನಾಗಿದೆ ನಿಮ್ಮ ಹೆಸರು. ಹೇಳಲು ಬಾಯಿ ತುಂಬುತ್ತದೆ. ಇಷ್ಟು ದಿನ ಸುಮ್ಮನೆ ಕಳೆದುಕೊಂಡಿದ್ದೆ ಅನಿಸಿತು.

ನಮ್ಮ ವಕೀಲ ವಾಸುದೇವರಾಯರು ನನಗೆ ಮೊದಲಿನಿಂದ ಹೇಳಿ ಎಂದರು. ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಿಮ್ಮ ಬಗ್ಗೆ ಊರ ಎದುರು ಏನೇನು ಆಡಿದೆನೆಂದು ನಿಮಗೂ ತಿಳಿದಿರಲಿ.

ನಮ್ಮವರು ಎತ್ತಿನ ದಲಾಲರು, ಹಲ್ಲು ನೋಡಿ ವಯಸ್ಸು ಹೇಳುವವರು, ಎತ್ತು ನಾಲ್ಕು ಹೆಜ್ಜೆ ಹಾಕಿದರೆ ಯಾವ ಗೊರಸಿನಲ್ಲಿ ನೋವಿದೆ ಎಂದು ಹೇಳುವವರು ಎಂದೆ. ಕಮಲಾಪುರದ ಕೆಂಪು ಬಾಳೆಗೊನೆ ಚಕ್ಕಡಿಯಲ್ಲಿ ಕಲಬುರ್ಗಿ ಮುಟ್ಟುವಷ್ಟರಲ್ಲಿ ಅರ್ಧ ನುಗ್ಗಾಗುತ್ತದೆ, ಮೋಟಾರಿದ್ದರೆ ಗೊನೆಯೂ ಜನವೂ ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು ಎಂಬುದು ಅವರ ಆಸೆ ಎಂದೆ. ಆಸೆ ತಪ್ಪಲ್ಲ ಎಂದೂ ಹೇಳಿದೆ, ಗಮನವಿಟ್ಟು ಓದಿ. ಶ್ರಾವಣದಲ್ಲಿ ಸ್ಟೇಷನ್ ಹತ್ತಿರದ ಮೋಟಾರು ವ್ಯಾಪಾರಿ ದೌಲಪ್ಪನವರು ಹೊಚ್ಚ ಹೊಸ ಮೋಟಾರೊಂದನ್ನು ನಮ್ಮ ಅಂಗಳಕ್ಕೇ ತಂದು ನಿಲ್ಲಿಸಿದರು. ನಮ್ಮವರು ಅದನ್ನು ಹೇಗೆ ಪರೀಕ್ಷೆ ಮಾಡಿದರೆಂದು ಕಚೇರಿಗೆ ತೋರಿಸಿದೆ. ಮೂರು ಸುತ್ತು ಸುತ್ತಿದರು. ಮುಂದಿನ ದೀಪಗಳ ಎದುರು ಕೈ ಆಡಿಸಿ ಕಣ್ಣು ನೋಡಿದರು. ಬೆನ್ನಿನ ಮೇಲೆ ಅಂಗೈ ಎಳೆದರು. ಚಕ್ರ ಒದ್ದರು. ಬಾಗಿ ಹೊಟ್ಟೆಯ ಕೆಳಗೆ ಇಣುಕಿದರು. ಸಪಾಟಾದ ದಾರಿಯಲ್ಲಿ ಅರ್ಧ ಮೈಲು ನಡೆಸಿ ನೋಡಿ, ನಡಿಗೆ ಭೇಷ್ ಎಂದರು. ಏರಿಗೆ ಹತ್ತಿಸಲಿಲ್ಲ. ಎತ್ತಾಗಿದ್ದರೆ ಖಂಡಿತ ಹತ್ತಿಸುತ್ತಿದ್ದರು.

ಇಲ್ಲಿಗೆ ಬಂದಾಗ ಕಚೇರಿಯಲ್ಲಿ ನಕ್ಕರು. ನಾನೂ ನಕ್ಕೆ. ಕ್ಷಮಿಸಿ.

ಉಳಿದದ್ದು ನಿಮಗೆ ಗೊತ್ತಿರುವುದೇ. ಎರಡನೆಯ ದಿನ ಊರ ಹೊರಗಿನ ಏರಿನಲ್ಲಿ ಮೋಟಾರು ಕುದಿದು, ಹೊಗೆ ಬಿಟ್ಟು, ನಿಂತಿತು. ದೌಲಪ್ಪ ಬಂದು ರಿಪೇರಿ ಮಾಡಿಕೊಟ್ಟರು. ಮತ್ತೆ ಅದೇ ಏರಿನಲ್ಲಿ ನಿಂತಿತು. ಒಂದೇ ತಿಂಗಳಲ್ಲಿ ಮೂರು ಸಲ ರಿಪೇರಿ, ಮೂರು ಸಲವೂ ಅದೇ ಜಾಗ. ಮೂರನೆಯ ಸಲ ಎತ್ತು ಕಟ್ಟಿ ಮನೆಗೆ ಎಳೆದು ತಂದಾಗ, ಎತ್ತಿನ ಹಲ್ಲು ಎಣಿಸುವ ಜಗದೇವಪ್ಪನಿಗೆ ಮೋಟಾರಿನ ಹಲ್ಲು ಕಾಣಲಿಲ್ಲವೆಂದು ಊರೆಲ್ಲ ಆಡಿಕೊಂಡಿತು. ಆಮೇಲೆ ನೀವು ಬಜಾರಿಗೆ ಹೋಗುವುದನ್ನೇ ಬಿಟ್ಟಿರಿ, ಕಚೇರಿಗೆ ಬರಲೂ ಒಪ್ಪಲಿಲ್ಲ. ವಾಪಸು ತೆಗೆದುಕೊಳ್ಳಿ ಎಂದರೆ ದೌಲಪ್ಪ, ನೀವು ಸಹಿ ಮಾಡಿದ ಉರ್ದು ಕಾಗದ ತೋರಿಸಿದರು. ಮಾರಿದ ಮಾಲು ಮರಳಿ ತೆಗೆದುಕೊಳ್ಳುವುದಿಲ್ಲ ಎಂದು ಅದರಲ್ಲಿ ಬರೆದಿತ್ತಂತೆ. ನೀವು ಅದನ್ನು ರಸೀದಿ ಎಂದು ತಿಳಿದಿದ್ದಿರಿ.

ಮೋಟಾರಿನ ಮಿಸ್ತ್ರಿ ಚಾಂದಪಾಶಾನ ಸಾಕ್ಷಿ ಚೆನ್ನಾಗಿ ಆಯಿತು. ದಸರೆಯ ನಂತರ ವಕೀಲರು ಅವನನ್ನು ನಮ್ಮ ಅಂಗಳಕ್ಕೆ ಕಳಿಸಿದ್ದು ನಿಮಗೆ ನೆನಪಿರಬಹುದು. ಎಂಜಿನ್ನಿನ ಮೈಮೇಲೆ ಒಂದು ಗೇಣುದ್ದದ ಸೀಳಿದೆ, ಅದಕ್ಕೆ ಬಿರುಕು ಮುಚ್ಚುವ ಲಪ್ಪ ತುಂಬಿ ಮೇಲೆ ಕರಿ ಬಣ್ಣ ಬಳಿದಿದ್ದಾರೆ, ಸಪಾಟಿನಲ್ಲಿ ತಡೆಯುತ್ತದೆ, ಏರಿನಲ್ಲಿ ಬಿಸಿಯಾದರೆ ಬಾಯಿ ಬಿಡುತ್ತದೆ ಎಂದು ಅವನು ಹೇಳಿದ. "ಉಗುರಿಲೆ ಕೆರದ್ರ ಉದುರ್ತದ ಸಾಹೇಬ್ರ, ರೊಟ್ಟಿ ಹಿಟ್ಟಿನಂಗ," ಎಂದು ಬೆರಳಾಡಿಸಿ ತೋರಿಸಿದ. ಅವನ ಹತ್ತಿರ ನಾನು ಆಮೇಲೆ ಗೇರು ಎಂದರೇನು, ಕ್ಲಚ್ಚು ಎಂದರೇನು, ನೀರು ಎಲ್ಲಿ ಹಾಕಬೇಕು ಎಂದು ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಕೇಸಿಗೆ ಬೇಕಿತ್ತು, ಅಷ್ಟೇ. ನನಗೆ ಆ ಮೋಟಾರನ್ನು ಕಂಡರೆ ಆಗುವುದಿಲ್ಲವೆಂದು ನಿಮಗೆ ಗೊತ್ತೇ ಇದೆ.

ಆದರೆ ದೌಲಪ್ಪನವರೂ ಕಡಿಮೆಯಿಲ್ಲ. ಸೀಳು ಇರಬಹುದು, ನನಗೆ ಗೊತ್ತಿರಲಿಲ್ಲ, ಪೆಟ್ಟಿಗೆಯಲ್ಲಿ ಹೇಗೆ ಬಂತೋ ಹಾಗೇ ಮಾರಿದೆ, ಕಾಗದಕ್ಕೆ ಸಹಿ ಇದೆ ಎಂದರು. ವಾಸುದೇವರಾಯರು ವಾರದ ಹಿಂದೆಯೇ ನನ್ನ ಮುಂದೆ ಕೈ ಚೆಲ್ಲಿದ್ದರು. "ಮೋಟಾರಿಗೆ ಅಂತ ಕಾಯ್ದೆ ನನ್ನ ಪುಸ್ತಕದಾಗ ಎಲ್ಲೂ ಸಿಗವಲ್ದು ನೋಡ್ರಿ ಶಂಕ್ರಮ್ಮ. ಅವರಿಗೆ ಮೊದಲೇ ಗೊತ್ತಿತ್ತು ಅಂತ ತೋರ್ಸಬೇಕು. ಹ್ಯಾಂಗ ತೋರ್ಸೋದು?" ಎಂದಿದ್ದರು. ಆ ದಿನ ನಾನು ಮನೆಗೆ ಬಂದು ಅನ್ನ ಮುಟ್ಟಲಿಲ್ಲ.

ಆಗ ನನಗೆ ನೆನಪಾದದ್ದು ಮೋಟಾರಲ್ಲ, ಎತ್ತು. ಐದು ವರ್ಷದ ಹಿಂದೆ ನೀವು ಮಹಾಗಾಂವದವರಿಗೆ ಮಾರಿಸಿಕೊಟ್ಟ ಬಿಳಿ ಎತ್ತು. ಒಂದು ತಿಂಗಳೊಳಗೆ ಮೂರು ಸಲ ನೊಗದಲ್ಲಿ ಮಲಗಿತು. ಅದರ ಕಾಲಿನ ಒಳನೋವು ನಿಮಗೂ ಗೊತ್ತಿರಲಿಲ್ಲ, ಮಾರಿದವನಿಗೂ ಗೊತ್ತಿರಲಿಲ್ಲ. ಆದರೂ ನೀವು ಮಾರಿದವನನ್ನು ಕರೆದುಕೊಂಡು ಹೋಗಿ, ಒಂದು ಮಾತೂ ಆಡದೆ ಹಗ್ಗ ಹಿಡಿದು ವಾಪಸು ತಂದಿರಿ. ಯಾಕೆಂದು ನಾನು ಕೇಳಿದ್ದಕ್ಕೆ, ಹೆಗಲ ಮೇಲಿನ ವಲ್ಲಿಯ ಕೆಳಗೆ ಕೈ ಕೂಡಿದ ವ್ಯಾಪಾರಕ್ಕೆ ಇದೇ ರೂಢಿ, ಗೊತ್ತಿತ್ತು ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ಕೊಂಡವನು ಎತ್ತಿನ ಹೊಟ್ಟೆಯೊಳಗೆ ಹೊಕ್ಕು ನೋಡಲು ಆಗುತ್ತದೆಯೇ ಎಂದಿರಿ. ಆ ದಿನ ನಿಮ್ಮ ಮೇಲೆ ನನಗೆ ಎಷ್ಟು ಅಭಿಮಾನ ಬಂತೆಂದು ಇವತ್ತಿನ ತನಕ ನಿಮಗೆ ಹೇಳಿಲ್ಲ. ಈಗ ಬರೆದಿದ್ದೇನೆ, ಅತ್ತೆಯವರಿಗೆ ಓದುವಾಗ ಇದನ್ನು ಬಿಟ್ಟು ಓದಿ.

ಶ್ರಾವಣದಲ್ಲಿ ದೌಲಪ್ಪನವರ ಜೊತೆ ನೀವು ಬೆಲೆ ಕಟ್ಟಿದ್ದು ಹೇಗೆ? ನಾನು ಬಾಗಿಲ ಹಿಂದಿನಿಂದ ನೋಡಿದ್ದೆ. ಹೆಗಲ ವಲ್ಲಿಯನ್ನು ಕೈಮೇಲೆ ಹೊದಿಸಿದಿರಿ, ಅವರು ಕೆಳಗಿನಿಂದ ಕೈ ಕೊಟ್ಟರು, ಇಬ್ಬರೂ ಬೆರಳು ಹಿಸುಕಿಯೇ ಬೆಲೆ ಹೇಳಿಕೊಂಡು, ಒಬ್ಬರು ಆಕಾಶ ನೋಡುತ್ತ ಇನ್ನೊಬ್ಬರು ಬೇವಿನ ಮರ ನೋಡುತ್ತ ಮಾತು ಮುಗಿಸಿದಿರಿ. ಮೋಟಾರು ಕೊಳ್ಳುವಾಗಲೂ ನಿಮಗೆ ಬೇರೆ ರೀತಿ ಬರಲಿಲ್ಲ. ದೌಲಪ್ಪನವರಿಗೂ ಬರಲಿಲ್ಲ, ಏಕೆಂದರೆ ಅವರ ಅಪ್ಪನೂ ಎತ್ತಿನ ದಲಾಲನೇ. ಕಾಗದ ಆಮೇಲೆ ಬಂತು. ಮಾತು ಮುಗಿದದ್ದು ವಲ್ಲಿಯ ಕೆಳಗೆ.

ಮರುದಿನ ನಾನು ಹೋಗಿ ಇದನ್ನು ಹೇಳಿದಾಗ ವಕೀಲರು ಜಿಗಿದು ಎದ್ದರು. ಕೈ ಎತ್ತಿನ ಬಜಾರಿನ ಪದ್ಧತಿಯಲ್ಲಿ ಕೂಡಿದ್ದರೆ ಆ ಬಜಾರಿನ ರೂಢಿಯೆಲ್ಲ ಆ ವ್ಯಾಪಾರಕ್ಕೆ ಸೇರುತ್ತದೆ, ಇದನ್ನು ಸಾಹೇಬರ ಮುಂದೆ ಇಡಬಹುದು ಎಂದರು. ನಿನ್ನೆ ಇಟ್ಟರು ಕೂಡ. ಆದರೆ ದೌಲಪ್ಪ ತಲೆ ಅಲ್ಲಾಡಿಸಿ, ಅದೆಲ್ಲ ಸುಳ್ಳು, ನಾನು ಈಗ ಎತ್ತಿನ ವ್ಯಾಪಾರಿಯಲ್ಲ, ಕಂಪನಿಯವರ ಹಾಗೆ ಕಾಗದದ ಮೇಲೆ ಬೆಲೆ ಹೇಳಿದೆ, ವಲ್ಲಿಯ ಕೆಳಗೆ ಕೈ ಹಾಕಿ ಹತ್ತು ವರ್ಷವಾಯಿತು ಎಂದರು. ವಲ್ಲಿಯ ಕೆಳಗೆ ನಡೆದದ್ದನ್ನು ಕಂಡವರು ಯಾರು? ಹೆಂಡತಿಯ ಮಾತು ಗಂಡನ ಪರವಾಗಿಯೇ ಇರುತ್ತದೆ ಎಂದು ಎದುರಿನ ವಕೀಲ ಹೇಳಿದ. ಮೂರು ತಿಂಗಳಿಂದ ಗಂಡನೊಡನೆ ಮಾತು ಬಿಟ್ಟವಳಿಗೆ ಇಂಥ ಆರೋಪ!

ಸಾಹೇಬರು ನಿಟ್ಟುಸಿರು ಬಿಟ್ಟು, ಎರಡೂ ಕಡೆಯವರು ರಾಜಿಗೆ ಬರುವುದಿದ್ದರೆ ಇಲ್ಲೇ ಮಾತಾಡಿಕೊಳ್ಳಿ ಎಂದರು. ವಾಸುದೇವರಾಯರು ಎದ್ದರು. ಶೇರವಾನಿ ತೊಟ್ಟ ಆ ಮನುಷ್ಯ ನೇರವಾಗಿ ನಮ್ಮಣ್ಣನ ಹತ್ತಿರ ಬಂದು ಅವನ ಹೆಗಲ ಮೇಲಿನ ವಲ್ಲಿಯನ್ನು ಎಳೆದುಕೊಂಡರು. ಅದನ್ನು ಬಲಗೈ ಮೇಲೆ ಹೊದಿಸಿಕೊಂಡು ದೌಲಪ್ಪನ ಮುಂದೆ ನಿಂತು, "ಜಗಳ ಬ್ಯಾಡ್ರಿ ದೌಲಪ್ಪನವರ, ಒಂದು ಮಾತಿಗೆ ಬರೋಣು," ಎಂದು ಕೈ ಚಾಚಿದರು.

ದೌಲಪ್ಪನ ಕೈ ತಾನಾಗಿಯೇ ಹೋಯಿತು. ಬಸವಣ್ಣನ ಆಣೆಗೂ ಹೇಳುತ್ತೇನೆ, ಆತ ಒಂದು ಕ್ಷಣವೂ ಯೋಚಿಸಲಿಲ್ಲ. ಸರ್ರನೆ ವಲ್ಲಿಯ ಕೆಳಗೆ ಕೈ ನುಗ್ಗಿಸಿ, ಮುಖ ಎತ್ತಿ ಕಚೇರಿಯ ಜಂತಿ ನೋಡುತ್ತ, ಬೆರಳು ಹಿಸುಕಲು ಶುರುಮಾಡಿದರು. ನಮ್ಮ ವಕೀಲರಿಗೆ ಬೆರಳಿನ ಭಾಷೆ ಎಲ್ಲಿ ಬರಬೇಕು? ಪಾಪ, ಕೈ ಹಿಸುಕಿಸಿಕೊಂಡು ಮುಖ ಕಿವುಚಿಕೊಂಡು ನಿಂತರು. ಮೊದಲು ಚಪರಾಸಿ ನಕ್ಕ. ಆಮೇಲೆ ಗುಮಾಸ್ತ. ಆಮೇಲೆ ಹೊರಗೆ ಮರದ ಕೆಳಗೆ ಕೂತಿದ್ದವರೆಲ್ಲ ಕಿಟಕಿಗೆ ಬಂದು ಜೋತುಬಿದ್ದರು. ದೌಲಪ್ಪ ಜಂತಿಯಿಂದ ಕಣ್ಣು ಇಳಿಸಿ ತನ್ನ ಕೈ ಎಲ್ಲಿದೆ ಎಂದು ನೋಡಿಕೊಂಡರು.

ಸಾಹೇಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ಅದನ್ನು ತೆಗೆದು, "ಹಾಥ್ ಬೈಲ್ ಬಾಜಾರ್ ಕಾ, ಔರ್ ಕಾಗಜ್ ಮೋಟರ್ ಕಾ? ಐಸಾ ನಹೀಂ ಚಲೇಗಾ," ಎಂದರು. ಕೈ ಎತ್ತಿನ ಬಜಾರಿನದು, ಕಾಗದ ಮೋಟಾರಿನದು, ಎರಡನ್ನೂ ಬೇಕಾದಾಗ ಬೇಕಾದಂತೆ ಹಿಡಿಯಲು ಬಿಡುವುದಿಲ್ಲ ಎಂದು ಅರ್ಥ. ದೌಲಪ್ಪನವರ ಒಂದು ಗುಣ ಮೆಚ್ಚಬೇಕು. ಅವರೂ ನಕ್ಕುಬಿಟ್ಟರು. "ಈ ಕೈ ನಂದಲ್ರಿ ಸಾಹೇಬ್ರ, ನಮ್ಮಪ್ಪಂದು. ಅಂವ ಇದ್ದಿದ್ರ ಮೊದಲನೇ ತಿಂಗಳೇ ವಾಪಸ್ ಒಯ್ದಿರ್ತಿದ್ದ," ಎಂದು ವಲ್ಲಿಯನ್ನು ಮಡಿಚಿ ಅಣ್ಣನಿಗೆ ಕೊಟ್ಟರು. ಈ ಉಪಾಯ ವಕೀಲರಿಗೆ ಹೇಗೆ ಹೊಳೆಯಿತೆಂದು ಕಚೇರಿಯವರೆಲ್ಲ ಅವರನ್ನು ಕೊಂಡಾಡಿದರು. ಅವರು ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ತೀರ್ಪು ಹೀಗೆ: ಹೊಸದೆಂದು ಹೇಳಿ ಮಾರಿದ ಮೇಲೆ ಹೊಸದರ ಗುಣ ಅದರಲ್ಲಿರಬೇಕು. ಕೊಂಡವನು ಕಬ್ಬಿಣದ ಒಳಗೆ ಇಳಿದು ನೋಡಲಾರ. ತಿಂಗಳೊಳಗೆ ಮೂರು ಸಲ ಸರಿಮಾಡಿಯೂ ಅದೇ ದೋಷ ಉಳಿದರೆ, ಗೊತ್ತಿತ್ತು ಗೊತ್ತಿರಲಿಲ್ಲ ಎಂಬ ಮಾತು ಬೇಡ, ಅರ್ಥವಾಗದ ಕಾಗದದ ಸಹಿಯೂ ಬೇಡ. ಮಾರಿದವರು ಮಾಲನ್ನು ವಾಪಸು ಒಯ್ಯಬೇಕು. ಬದಲಿಗೆ ಹಣ ಬೇಕೋ, ದೋಷವಿಲ್ಲದ ಇನ್ನೊಂದು ಮೋಟಾರು ಬೇಕೋ, ಅದು ಕೊಂಡವರ ಇಷ್ಟ. ಯಜಮಾನರು ಬಂದಿಲ್ಲವಲ್ಲ ಎಂದು ವಕೀಲರು ನನ್ನನ್ನು ಕೇಳಿದರು. ನಾನು ಅವರಿಗಷ್ಟೇ ಕೇಳುವಂತೆ ಉತ್ತರ ಹೇಳಿದೆ. ಏನು ಹೇಳಿರಬಹುದೆಂದು ನೀವು ಊಹಿಸಬಲ್ಲಿರಿ.

ನಾಳೆ ದೌಲಪ್ಪನವರ ಆಳುಗಳು ಬಂದು ಆ ಹಳೆಯ ಮೋಟಾರನ್ನು ಎಳೆದುಕೊಂಡು ಹೋಗುತ್ತಾರೆ. ಅದಕ್ಕೆ ಒಳ್ಳೆಯ ಎರಡು ಜೋಡಿ ಎತ್ತು ಬೇಕಂತೆ. ಎತ್ತು ನೋಡಿ ಕೊಡಿಸಲು ಜಗದೇವಪ್ಪನವರಿಗಿಂತ ಬಲ್ಲವರು ಈ ಸೀಮೆಯಲ್ಲಿಲ್ಲ ಎಂದು ದೌಲಪ್ಪನವರೇ ಕಚೇರಿಯ ಮೆಟ್ಟಿಲ ಮೇಲೆ ನಿಂತು ಹೇಳಿದರು. ಹತ್ತಾರು ಜನ ಕೇಳಿಸಿಕೊಂಡಿದ್ದಾರೆ. ಇನ್ನು ಮೇಲೆ ಮನೆಯೊಳಗೆ ಅಡಗಿ ಕೂತರೆ ನನ್ನ ಆಣೆ. ಕಣ್ಣಿಗೆ ಕಾಣದ್ದರಲ್ಲಿ ಮೋಸ ಹೋದದ್ದು ನಾಚಿಕೆಯಲ್ಲ. ನೀವು ಕಲಿಸಿದ ರೂಢಿಯೇ ನಿಮ್ಮನ್ನು ಗೆಲ್ಲಿಸಿತು. ಆ ಮಾತು ಹೊಳೆದಾಗ ನನಗೆ ಅಳು ಬಂತು, ಸಂತೋಷಕ್ಕೆ.

ಅಂಗಳ ಖಾಲಿಯಾಗುತ್ತದೆ. ನನ್ನ ಮಾತು ಉಳಿಯಿತು, ನಿಮ್ಮದೂ ಉಳಿಯಿತು. ಇನ್ನು ಕರೆಯುವುದು ನಿಮಗೆ ಬಿಟ್ಟದ್ದು.

ಕಚೇರಿಯಲ್ಲಿ ನಿಮ್ಮ ಹೆಸರು ಹೇಳಿ ಬಂದಿರುವ,
ಶಂಕ್ರಮ್ಮ

ಮರೆತ ಮಾತು: ಇದನ್ನು ಸೋಮವಾರ ಮುಂಜಾನೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಅಂಕುಡೊಂಕಾಗಿದ್ದರೆ ಬೈಯಬೇಡಿ. ಮೋಟಾರಿನಲ್ಲಿ ಕೂತು ಬರೆಯುವುದು ಸುಲಭವಲ್ಲ. ಹೌದು, ನಾನು ಹಣ ಕೇಳಲಿಲ್ಲ, ಮೋಟಾರು ಕೇಳಿದೆ. ನಿಮ್ಮ ಊರ ಹೊರಗಿನ ಏರಿನ ಕೆಳಗೆ ಇದ್ದೇನೆ. ಜೋಳದ ಚೀಲ ಹೇರಿ, ಚಾಂದಪಾಶಾನ ಕೈಯಲ್ಲಿ ಇದೇ ಏರನ್ನು ಮೂರು ಸಲ ಹತ್ತಿಸಿ ಇಳಿಸಿ ನೋಡಿದ್ದೇನೆ. ಒಂದು ಸಲವೂ ಕೆಮ್ಮಲಿಲ್ಲ. ಪತ್ರ ತಂದುಕೊಟ್ಟ ಅವನಿಗೆ ಅತ್ತೆಯವರು ರೊಟ್ಟಿ ಹಾಕಲಿ, ಅವಸರ ಮಾಡಬೇಡಿ. ಅಣ್ಣ ಬಾಳೆತೋಟ ನೋಡುತ್ತೇನೆಂದು ಇಳಿದು ಹೋದ.

ಇನ್ನೊಂದು. ನಾನು ಮನೆ ಬಿಟ್ಟದ್ದು ನೀವು ಕೇಳದೆ ಮೋಟಾರು ಕೊಂಡಿರೆಂದಲ್ಲ, ಅದು ಕೆಟ್ಟಿತೆಂದೂ ಅಲ್ಲ. ಮೊದಲ ದಿನ ನೀವು ಊರಿನ ಹನ್ನೊಂದು ಜನರನ್ನು ಕೂರಿಸಿಕೊಂಡು ತಿರುಗಿಸಿದಿರಿ. ನಾನು ಇಲಕಲ್ ಸೀರೆ ಉಟ್ಟು ಹೊತ್ತು ಮುಳುಗುವ ತನಕ ಬಾಗಿಲಲ್ಲಿ ನಿಂತಿದ್ದೆ. ನೀವು ನನ್ನ ಮುಂದೆಯೇ ಒಳಗೆ ಬಂದು, ನಿನ್ನನ್ನು ನಾಳೆ ಕೂರಿಸ್ತೀನಿ ಎಂದು ಕಾಲು ತೊಳೆದುಕೊಂಡಿರಿ. ಆ ನಾಳೆಯೇ ಅದು ನಿಂತುಹೋಯಿತು.

ಈಗ ಅದೇ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದೇನೆ. ಓಡಿಸುವ ಜಾಗ ಖಾಲಿ ಇದೆ. ಒಬ್ಬರೇ ಬನ್ನಿ.